ಅಳತೆಗೆ ನಿಂತವಳು

"ಮೆಲ್ಲಗೆ ಎಳಿಯೇ, ಸತ್ತವಳೂ ಎದ್ದು ಕೂತಾಳು!" ದೊಡ್ಡಕ್ಕ ಗದರಿದಳು.

ಗಿಣಿ ಹೊಲಿಗೆ ಮಷೀನಿನ ಇನ್ನೊಂದು ಬದಿ ಹಿಡಿದು ಹೊಸಿಲ ಹತ್ತಿರಕ್ಕೆ ಎಳೆದಳು. ಕಿಟಕಿಯ ಕೆಂಪು ಪರದೆ ಆಗಲೇ ಮಂಚದ ಕೆಳಗೆ ಸೇರಿತ್ತು. ಮಂಚದ ಮೇಲೆ ಟೈಲರಮ್ಮ ಮಲಗಿದ್ದಳು. ಈ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಮೈ ಮಾರಿ ಬದುಕಿದವಳು. ಊರಲ್ಲಿರುವ ಮಗಳ ಪಾಲಿಗೆ ಮಾತ್ರ ಹೊಲಿಗೆಯವಳು.

"ಮಗಳು ಬಂದಾಗ ನಾವೆಲ್ಲ ಹೊಲಿಗೆಯವರೇ. ಬಾಯಿಗೆ ಬೀಗ."

"ನನಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ವಲ್ಲಕ್ಕ."

"ಅಳೋಕೆ ಬರುತ್ತಲ್ಲ, ಸಾಕು. ನಿಜ ಗೊತ್ತಾದ್ರೆ ಆ ಹುಡುಗಿ ತಾಯಿನ ಮುಟ್ಟದೇ ಹೋಗ್ತಾಳೆ. ಸಾಯೋ ಮುಂಚೆ ಇವಳು ಕೇಳಿದ್ದು ಅದೊಂದೇ, ಮಗಳ ಕೈ ಒಂದು ಸಲ ತಾಗಲಿ ಅಂತ."

*

ಮೂರು ವರ್ಷದ ಕೂಸನ್ನು ಊರಲ್ಲಿ ಒಡಹುಟ್ಟಿದ ಅಕ್ಕನ ಮಡಿಲಿಗೆ ಹಾಕಿ ಬಂದವಳು ಟೈಲರಮ್ಮ. "ಏನು ಬೇಕಾದ್ರೂ ಕಳಿಸು, ನೀನು ಮಾತ್ರ ಬರಬೇಡ," ಎಂದಿದ್ದಳು ಆ ಅಕ್ಕ. ಹಾಗಾಗಿ ವರ್ಷಕ್ಕೊಂದು ಅಂಗಿ ಹೊಲಿದು ಕಳಿಸುತ್ತಿದ್ದಳು. ಅಳತೆ ಎಲ್ಲಿಂದ ತರುವುದು? ಇಲ್ಲಿನ ಶಾಲೆ ಬಿಡುವ ಹೊತ್ತಿಗೆ ಬೀದಿಯ ತುದಿಯಲ್ಲಿ ನಿಂತು, ಮಗಳ ಓರಗೆಯ ಮಕ್ಕಳನ್ನು ಕಣ್ಣಲ್ಲೇ ಅಳೆದು ಬರುತ್ತಿದ್ದಳು. ಕಾವಲುಗಾರ ಗುರುತು ಹಿಡಿದು ಅಟ್ಟಿದ ಮೇಲೆ ಅದೂ ತಪ್ಪಿತು. ಆರು ವರ್ಷದ ಹಿಂದೆ ಗಿಣಿ ಈ ಮನೆಗೆ ಬಂದಳು. ಆಗ ಮಗಳದೇ ವಯಸ್ಸು, ಇಪ್ಪತ್ತೊಂದು.

ಅಂಗಿಯ ಬಟ್ಟೆ ಮುಟ್ಟುವ ಮುನ್ನ ಟೈಲರಮ್ಮ ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುವಳು. ದೇವರ ಮುಂದೆ ಒಂದು ಗಳಿಗೆ ಕಣ್ಣು ಮುಚ್ಚುವಳು. "ಮೈ ಬಾಡಿಗೆಗೆ ಕೊಟ್ಟಿದೀನಿ ಕಣೇ, ಕೈ ಕೊಟ್ಟಿಲ್ಲ. ಬಾ, ಕೈ ಎತ್ತು. ಅವಳೂ ಈಗ ನಿನ್ನಷ್ಟೇ ಇರ್ತಾಳೆ."

"ಅವಳೂ ನನ್ನ ಹಾಗೆ ಎರಡೆರಡು ತಟ್ಟೆ ಉಣ್ತಾಳಾ?"

"ಉಣ್ಣಲಿ. ಸರಿಯಾದ ಅಳತೆ ದೇವರಿಗೆ ಗೊತ್ತು. ನಾನು ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರ್ತೀನಿ."

ಟೇಪು ಗಿಣಿಯ ಬೆನ್ನು ಸುತ್ತಿ ಎದೆಗೆ ಬಂದು ಕೂಡುವುದು. ಅಳತೆ ಸಿಕ್ಕಿದ ಮೇಲೂ ಟೈಲರಮ್ಮ ಒಂದು ಉಸಿರಿನ ಹೊತ್ತು ಹೆಚ್ಚೇ ಹಿಡಿದಿರುವಳು. ಮನೆಯನ್ನೆಲ್ಲ ಮಾತಿನಲ್ಲಿ ಮುಳುಗಿಸುವ ಗಿಣಿಯೂ ಆಗ ಸುಮ್ಮನಿರುತ್ತಿದ್ದಳು.

*

ಮಗಳು ಬಂದಳು. ಸಣಕಲು ಮೈ, ಉದ್ದ ಕೈ. ಹೊಸಿಲಾಚೆಯೇ ನಿಂತು ಮಷೀನು ನೋಡಿದಳು, ಮಂಚ ನೋಡಿದಳು.

"ಇಲ್ಲಿ ಎಷ್ಟು ಜನ ಹೊಲಿತೀರಿ?"

"ಎಲ್ಲರೂ," ಎಂದಳು ಗಿಣಿ. ದೊಡ್ಡಕ್ಕ ಅವಳ ಕಾಲು ತುಳಿದಳು.

ಮಗಳು ಚೀಲದಿಂದ ನೀಲಿ ಅಂಗಿಯೊಂದನ್ನು ತೆಗೆದಳು. "ಒಂದೂ ನನಗೆ ಸರಿಹೋಗ್ಲಿಲ್ಲ. ಭುಜ ಜಾರುತ್ತೆ, ತೋಳು ಗಿಡ್ಡ. ಆದ್ರೂ ಹಾಕ್ಕೊಂಡೇ ಮಲಗ್ತಿದ್ದೆ." ಅಂಗಿಯ ತೋಳನ್ನು ಬೆರಳಿಗೆ ಸುತ್ತುತ್ತ ಹೇಳಿದಳು. "ದೊಡ್ಡಮ್ಮ ಹೋದ ವರ್ಷ ಎಲ್ಲ ಹೇಳಿದ್ರು. ಎರಡು ಸಲ ಬಸ್ ಹತ್ತಿದೆ. ಎರಡು ಸಲವೂ ಒಂದು ಸ್ಟಾಪ್ ಮುಂಚೆ ಇಳಿದುಬಿಟ್ಟೆ."

ದೊಡ್ಡಕ್ಕ ಮಷೀನಿಗೆ ಒರಗಿ ಕೂತುಬಿಟ್ಟಳು.

"ಬೇರೇನೂ ಹೇಳಬೇಡಿ ನನಗೆ. ಈ ಅಳತೆ ಯಾರದು, ಅದೊಂದು ಹೇಳಿ."

ಗಿಣಿ ಮೆಲ್ಲನೆ ಎರಡೂ ಕೈ ಎತ್ತಿ ನಿಂತಳು.

ಮಗಳು ಹೊಸಿಲು ದಾಟಿದಳು. ಅಂಗಿಯನ್ನು ಗಿಣಿಯ ಭುಜಕ್ಕೆ ಹಿಡಿದು ಅಂಗೈಯಿಂದ ಸವರಿದಳು. ಎರಕ ಹೊಯ್ದ ಹಾಗೆ ಕೂತಿತು. ಆಮೇಲೆ ಮಂಚದ ಅಂಚಿನಲ್ಲಿ ಕೂತು, ತಾಯಿಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ್ದ ತೋರುಬೆರಳನ್ನು ಬಹಳ ಹೊತ್ತು ನೇವರಿಸಿದಳು.

ಹೊರಗೆ ಶವದ ಗಾಡಿಯವನು ಹಾರ್ನ್ ಒತ್ತಿದ.

"ತಡಿಯಪ್ಪಾ!" ದೊಡ್ಡಕ್ಕ ಕೂಗಿದಳು. "ಇಪ್ಪತ್ತನಾಲ್ಕು ವರ್ಷ ಕಾದಿದಾಳೆ, ನೀನು ಒಂದು ಗಳಿಗೆ ಕಾಯಿ."

ಮಗಳು ಎದ್ದು ಗಿಣಿಯ ಎದುರು ನಿಂತಳು. "ಅಮ್ಮ ಟೇಪು ಹೇಗೆ ಹಿಡೀತಿದ್ಲು?"

ಗಿಣಿ ಬಚ್ಚಲಿಗೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ಬಂದಳು. ಮಷೀನಿನ ಮೇಲಿದ್ದ ಟೇಪು ತೆಗೆದುಕೊಂಡಳು. ಮಗಳು ಕೈ ಎತ್ತಿದಳು. ಟೇಪು ಬೆನ್ನು ಸುತ್ತಿ ಎದೆಗೆ ಬಂದು ಕೂಡಿತು. ಹಾರ್ನ್ ಮತ್ತೊಮ್ಮೆ ಕೂಗಿತು. ಗಿಣಿ ಬಿಡಲಿಲ್ಲ, ಮಗಳು ಎತ್ತಿದ ಕೈ ಇಳಿಸಲಿಲ್ಲ.