ಹಾಲೇಶಪ್ಪ ತೀರಿಕೊಂಡ ಹೊತ್ತು

ಮೈದುನ ಕೊಟ್ರೇಶ್ ಹೇಳಿದ ಸುಳ್ಳಿಗೆ ಕಲ್ಲಮ್ಮ ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದಳು. ಗಂಡ ಹಾಲೇಶಪ್ಪ ತೀರಿಕೊಂಡದ್ದು ಬೆಳಗಿನ ಜಾವ, ಕೆಟ್ಟ ನಕ್ಷತ್ರದಲ್ಲಿ. ಹಾಗೆ ಸತ್ತರೆ ಮನೆಗೆ ಬೀಗ ಜಡಿದು ತಿಂಗಳುಗಟ್ಟಲೆ ಹೊರಗಿರಬೇಕು. ಕೊಟ್ರೇಶ್ ಬಾಗಿಲಲ್ಲೇ ನಿಂತು, "ಅಣ್ಣಂಗೆ ಇನ್ನೂ ಉಸಿರೈತೆ" ಎಂದು ಬಂದವರನ್ನೆಲ್ಲ ಸಾಗಹಾಕಿ, ನಕ್ಷತ್ರ ಕಳೆದ ಮೇಲೆ ಮಧ್ಯಾಹ್ನ ಗಟ್ಟಿಯಾಗಿ ಅತ್ತ. ಚನ್ನಗಿರಿಯ ಆ ಓಣಿಗೆ ಓಣಿಯೇ ನಂಬಿತು. ಮಿದುಳು ಒಯ್ಯಲು ಬಂದ ಸಂಶೋಧನೆಯವರೂ ನಂಬಿದರು.

ಹೌದು, ಮಿದುಳು. ಹಾಲೇಶಪ್ಪ ನೌಕರಿ ಪೂರ್ತಿ ರಾತ್ರಿ ಬಸ್ಸು ಓಡಿಸಿದವನು. ಊರು ಉಣ್ಣುವಾಗ ಮಲಗಿ, ಊರು ಮಲಗಿದಾಗ ಎದ್ದವನು. ಮಿದುಳಿನೊಳಗೇ ಒಂದು ಗಡಿಯಾರವಿದೆ, ಹೊತ್ತು ಹೊತ್ತಿಗೆ ಬೇರೆ ಬೇರೆ ಜೀನ್‌ಗಳು ಕೆಲಸಕ್ಕೆ ಏಳುತ್ತವೆ, ಸತ್ತ ಗಳಿಗೆಯಲ್ಲಿ ಇದ್ದ ಹಾಗೇ ನಿಂತುಬಿಡುತ್ತವೆ ಎಂದು ಡಾಕ್ಟರು ಹೇಳಿದ್ದೇ ತಡ, "ಸತ್ತ ಮೇಲೆ ನಂದು ಬಿಚ್ಚಿ ನೋಡ್ರಿ" ಎಂದು ಒಪ್ಪಿಕೊಂಡುಬಿಟ್ಟಿದ್ದ.

ಈಗ ಸಂಶೋಧಕಿ ಸಂಧ್ಯಾರಾಣಿ ಫೋನ್ ಮಾಡಿದ್ದಳು. ಕೊಟ್ರೇಶ್ ಎದುರಿಗೇ ಕೂತು, ಸ್ಪೀಕರಿನ ಮಾತು ಕೇಳುತ್ತ ಚಹಾ ಕುಡಿಯುತ್ತಿದ್ದ.

"ಅಮ್ಮಾ, ಅವರು ತೀರಿಕೊಂಡದ್ದು ಮಧ್ಯಾಹ್ನ ಅಂದಿದ್ರಿ. ಜೀನ್‌ಗಳು ನೋಡಿದ್ರೆ ಬೆಳಗಿನ ಜಾವ ತೋರಿಸ್ತಾ ಇವೆ. ರಾತ್ರಿ ಡ್ಯೂಟಿಯಿಂದ ಗಡಿಯಾರ ಕೆಟ್ಟು, ರಿಟೈರ್ ಆದ್ಮೇಲೂ ಸರಿಹೋಗಿಲ್ಲ ಅಂತ ಬರೀತಾ ಇದೀವಿ. ಹೊತ್ತು ಖಾತ್ರಿ ತಾನೇ?"

ಮಧ್ಯಾಹ್ನವೇ ಹೌದೆಂದರೆ ಮನೆ ಉಳಿಯುತ್ತದೆ, ಗಂಡ ಆಸೆಪಟ್ಟು ಕೊಟ್ಟದ್ದು ಸುಳ್ಳಾಗುತ್ತದೆ. ಕೊಟ್ರೇಶ್ ಬೇಡ ಬೇಡ ಎಂದು ಕೈಯಾಡಿಸಿದ.

"ಬೆಳಗಿನ ಜಾವನೇ ತಾಯಿ. ಸುಳ್ಳು ಹೇಳಿದ್ವಿ, ತಪ್ಪಾತು" ಎಂದುಬಿಟ್ಟಳು ಕಲ್ಲಮ್ಮ.

ಅತ್ತ ಕಡೆಯಿಂದ ಹುಡುಗಿ ಮೆಲ್ಲಗೆ, "ಹಾಗಾದ್ರೆ ಅವರ ಗಡಿಯಾರ ಸರಿಯಾಗೇ ಇತ್ತಮ್ಮಾ. ನಿಮ್ಮ ಹೊತ್ತಿಗೆ ಹೊಂದಿಕೊಂಡುಬಿಟ್ಟಿತ್ತು. ಹೇಳಿದ್ದು ದೊಡ್ಡ ಉಪಕಾರ ಆಯ್ತು" ಎಂದಳು.

ಕಲ್ಲಮ್ಮನಿಗೆ ಅಳು ತಡೆಯಲಾಗಲಿಲ್ಲ. ನಿವೃತ್ತನಾದ ಮೇಲೆ ಅವನು ತನ್ನ ಜೊತೆ ಮಲಗಿ, ತನ್ನ ಜೊತೆಗೇ ಎದ್ದ ಆ ವರ್ಷಗಳು ಅವನ ಮಿದುಳಿನ ಆಳಕ್ಕೂ ಇಳಿದಿದ್ದವು. ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತು.

"ಓಣಿಗೆ ಗೊತ್ತಾದ್ರೆ ಮನೆ ಬಿಡಾಕೇ ಬೇಕಾಗ್ತೈತೆ, ಅತ್ತಿಗೆ" ಎಂದು ಕೊಟ್ರೇಶ್ ತಲೆ ಮೇಲೆ ಕೈ ಹೊತ್ತ. "ಆ ನಕ್ಷತ್ರದಾಗೆ ಹೋದೋರು ಮನೆ ಬಿಟ್ಟು ಹೋಗಲ್ವಂತೆ."

"ನಿನ್ನ ಬಾಯಿಗೆ ಸಕ್ರೆ ಹಾಕ" ಎಂದಳು ಕಲ್ಲಮ್ಮ, ಕಣ್ಣೊರೆಸಿಕೊಂಡು. "ಅಷ್ಟು ವರ್ಷ ರಾತ್ರಿಯೆಲ್ಲ ರೋಡಿನಾಗೆ ಇದ್ದೋರು ಈಗ ಮನ್ಯಾಗೆ ನಿಂತಾರೆ ಅಂದ್ರೆ, ನಾನ್ಯಾಕಪ್ಪ ಬೀಗ ಹಾಕ್ಲಿ?"