ಗೆರೆ ದಾಟಿದ ಅಳಿಯ

ಗೆರೆರಾಯನಿಗೆ ಕೋಪ ಮೂಗಿನ ತುದಿಯಲ್ಲಿ ಇರುತ್ತಿತ್ತು ಅನ್ನುವುದು ಸುಳ್ಳು. ಮೂಗಿನಿಂದ ಕೈಗೆ ಇಳಿಯುವುದಕ್ಕೂ ಒಂದಿಷ್ಟು ಹೊತ್ತು ಬೇಕಲ್ಲ! ಅವನದು ಕೈಯಲ್ಲೇ ಇರುತ್ತಿತ್ತು. ವೆಲ್ಡಿಂಗ್ ಅಂಗಡಿಯ ಯಜಮಾನ; ಕಬ್ಬಿಣ ಬಡಿದು ಬಡಿದು ಅಂಗೈ ಹಲಗೆಯಂತಾಗಿತ್ತು. ಆ ಅಂಗೈಯ ರುಚಿ ನೋಡದವರು ಅವನ ಬೀದಿಯಲ್ಲಿ ಕಡಿಮೆ.

ಗೆರೆರಾಯ ಅಂತ ಹೆಸರಿಟ್ಟವರು ಉಗಿಬಂಡಿಯ ಫೋಟೋ ಹಿಡಿಯುವ ಹುಚ್ಚರು. ಇವರ ಹುಚ್ಚು ಕೇಳಬೇಕು ನೀವು. ರಜೆಯ ದಿನ ರೈಲ್ವೆಯವರು ಶೆಡ್ಡಿನಿಂದ ಹಳೇ ಉಗಿ ಎಂಜಿನ್ನು ಹೊರಗೆ ತಂದು, ನಾಲ್ಕು ಡಬ್ಬಿ ಕಟ್ಟಿ, ಟಿಕೆಟ್ಟು ಮಾರಿ, ಜನರನ್ನು ಸುತ್ತಾಡಿಸುತ್ತಾರೆ. ಚೆಂದದ ಜಾಗ ಬಂದ ಕೂಡಲೇ ಬಂಡಿ ನಿಲ್ಲುತ್ತದೆ. ಎಲ್ಲರೂ ಇಳಿಯುತ್ತಾರೆ. ಖಾಲಿ ಬಂಡಿ ಹಿಂದಕ್ಕೆ ಹೋಗಿ ತಿರುವಿನಾಚೆ ಮರೆಯಾಗುತ್ತದೆ. ಆಮೇಲೆ ಏನೋ ಮುಳುಗಿಹೋಗುತ್ತಿದೆ ಅನ್ನುವ ಹಾಗೆ ಕರಿ ಹೊಗೆ ಕಾರಿಕೊಂಡು, ಕೂಗಿಕೊಂಡು, ಬರೀ ಕ್ಯಾಮೆರಾಗಳಿಗೋಸ್ಕರ ಓಡಿಬರುತ್ತದೆ. ಸಾಲಾಗಿ ನಿಂತವರಲ್ಲಿ ಒಬ್ಬ ಮುಂದೆ ಕಾಲಿಟ್ಟನೋ, ಉಳಿದವರೆಲ್ಲರ ಫೋಟೋದಲ್ಲೂ ಅವನ ಕುಂಡೆಯೇ! ಅದಕ್ಕೇ ಗೆರೆರಾಯ ಹಳಿಯಿಂದ ಇಷ್ಟು ದೂರಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದ. ಗೆರೆ ದಾಟಿದವನಿಗೆ ಮೊದಲು ಬೈಗುಳ, ಆಮೇಲೆ ಮಣ್ಣಿನ ಹೆಂಟೆ, ಅದಕ್ಕೂ ಬಗ್ಗದಿದ್ದರೆ ಗೆರೆರಾಯನ ಕೈ.

ಹೋದ ವರ್ಷ ಗೆರೆ ದಾಟಿದವನು ಅವನ ಅಳಿಯನೇ. ಕನ್ನಡಕದ ಅಂಗಡಿಯ ಬಡಕಲು ಹುಡುಗ, ದನಿ ಎತ್ತಿ ಮಾತಾಡಿದವನಲ್ಲ. ಇವನು ಗಂಡಸೇ ಅಲ್ಲ ಅಂತ ಗೆರೆರಾಯ ಮದುವೆಗೆ ಮುಂಚೆಯೇ ಮಗಳಿಗೆ ಹೇಳಿದ್ದ. ಮಾವನಿಗೆ ಮೆಚ್ಚುಗೆಯಾಗಲಿ ಅಂತ ಹೊಸ ಕ್ಯಾಮೆರಾ ಕೊಂಡು ಬಂದಿದ್ದ ಪಾಪ. ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು, ಮೈಮರೆತು ಎರಡು ಹೆಜ್ಜೆ ಮುಂದೆ ಹೋದ. ಗೆರೆರಾಯ ಅಷ್ಟೂ ಜನರೆದುರು ಬಾರಿಸಿದ ಹೊಡೆತಕ್ಕೆ ಎರಡು ಹಲ್ಲು ಉದುರಿ ಜಲ್ಲಿಕಲ್ಲಿನ ಮೇಲೆ ಬಿದ್ದವು. ಮಗಳು ಬಗ್ಗಿ ಆ ಹಲ್ಲುಗಳನ್ನು ಆರಿಸಿ, ಕರ್ಚೀಫಿನಲ್ಲಿ ಕಟ್ಟಿಕೊಂಡು, ಗಂಡನ ಕೈ ಹಿಡಿದು ಹೊರಟುಹೋದಳು. ವರ್ಷವಿಡೀ ತವರಿನ ಹೊಸ್ತಿಲು ತುಳಿಯಲಿಲ್ಲ, ಫೋನು ಎತ್ತಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಗೆರೆರಾಯ ಅಂಗಡಿಯಲ್ಲಿ ಕೂತು ಕಬ್ಬಿಣಕ್ಕೆ ಹೊಡೆದ, ಮನೆಗೆ ಬಂದು ಗೋಡೆಗೆ ಹೊಡೆದ.

ಈ ಸಲದ್ದು ಆ ಎಂಜಿನ್ನಿನ ಕೊನೆಯ ಓಟ. ಬಾಯ್ಲರು ಹಳತಾಗಿದೆ, ಇನ್ನು ಮುಂದೆ ಗಾಜಿನ ಕಟ್ಟಡದಲ್ಲಿ ನಿಲ್ಲಿಸುತ್ತಾರಂತೆ. ಸುದ್ದಿ ಕೇಳಿ ಮಗಳೇ ಫೋನು ಮಾಡಿದಳು.

"ನಾವಿಬ್ರೂ ಬರ್ತೀವಿ ಅಪ್ಪ. ಅವರೇ ಹೋಗೋಣ ಅಂದ್ರು, ನಾನಲ್ಲ. ಆದ್ರೆ ನೀನು ಅವರ ಮೇಲೆ ಕೈ ಎತ್ತಿದ್ಯೋ, ಮಗಳು ಸತ್ತಳು ಅಂದ್ಕೋ."

"ಆಯ್ತು ಕಣಮ್ಮಾ, ಆಯ್ತು. ಬಾ," ಅಂದ ಗೆರೆರಾಯ.

ಆ ದಿನ ಅವನು ಬಂಡಿಯಲ್ಲಿ ಅಳಿಯನಿಗೆ ಕಿಟಕಿಯ ಸೀಟು ಬಿಟ್ಟುಕೊಟ್ಟ. ಪಕ್ಕದಲ್ಲಿದ್ದ ಔಷಧಿ ಅಂಗಡಿಯವನು, ಗೆರೆರಾಯನ ಬಹುಕಾಲದ ಗೆಳೆಯ, "ಏನ್ರೀ ಯಜಮಾನ್ರೇ, ಹುಲಿ ಹುಲ್ಲು ತಿಂತಿದೆ!" ಅಂತ ನಕ್ಕ. ಗೆರೆರಾಯನೂ ನಕ್ಕ. ಮಗಳು ನಗಲಿಲ್ಲ, ಆದರೆ ಬಾಟಲಿಯ ನೀರು ಕುಡಿದು ಮಿಕ್ಕಿದ್ದನ್ನು ಅಪ್ಪನಿಗೆ ಕೊಟ್ಟಳು.

ಜಾಗ ಬಂತು. ಎಡಗಡೆ ತಿರುವು, ಬಲಗಡೆ ಸ್ವಲ್ಪ ದೂರದಲ್ಲಿ ಸಣ್ಣ ಸೇತುವೆ. ಬರುವ ಬಂಡಿಯದು ಒಂದು ಫೋಟೋ, ಸೇತುವೆಯ ಮೇಲೆ ಹೊಗೆ ಬಿಟ್ಟುಕೊಂಡು ಹೋಗುವುದು ಇನ್ನೊಂದು. ಬಂಡಿ ಹಿಂದೆ ಸರಿದು ತಿರುವಿನಾಚೆ ಹೋದ ಮೇಲೆ ಗೆರೆರಾಯ ಸುಣ್ಣದ ಗೆರೆ ಎಳೆದು, ತಲೆ ಎತ್ತಿ ನೋಡಿದರೆ ಸೇತುವೆಯ ಬಾಯಿಗೆ ಆಳೆತ್ತರದ ಪೊದೆ ಬೆಳೆದು ನಿಂತಿದೆ! ಬಂಡಿ ಬರುವ ಮುಂಚೆ ಗಿಡಗಂಟಿ ಸವರುವುದು ಇವರಲ್ಲಿ ವಾಡಿಕೆಯೇ. ಅದಕ್ಕೆಂದೇ ಗೆರೆರಾಯನ ಚೀಲದಲ್ಲಿ ಕುಡುಗೋಲು ಇರುತ್ತಿತ್ತು.

"ಕೊಡಪ್ಪ, ನಾನು ಸವರಿ ಬರ್ತೀನಿ," ಅಂದಳು ಮಗಳು. ವರ್ಷದ ಮುನಿಸು ಮುಗಿಸುವುದಕ್ಕೆ ಅವಳಿಗೂ ಒಂದು ನೆಪ ಬೇಕಿತ್ತು.

"ಹೋಗು, ಬೇಕಾದಷ್ಟು ಟೈಮಿದೆ. ಇವನನ್ನೂ ಕರ್ಕೊಂಡು ಹೋಗು, ಗೆರೆ ದಾಟೋ ಕಾಟ ತಪ್ಪುತ್ತೆ."

ಬೇಕಾದಷ್ಟು ಟೈಮು ಇರಲಿಲ್ಲ. ಅಷ್ಟು ವರ್ಷ ಬಂಡಿ ನೋಡಿದವನಿಗೆ ಅದು ಗೊತ್ತಿತ್ತು. ಆದರೂ ಅವನಿಗೆ ಫೋಟೋ ಬೇಕಿತ್ತು.

ತಿರುವಿನಾಚೆ ಸಿಳ್ಳೆ ಕೂಗಿತು. ಎಲ್ಲರ ಕಣ್ಣೂ ಎಡಕ್ಕೆ ನೆಟ್ಟವು. ಹೊಗೆ ಮರಗಳ ಮೇಲೆ ಎದ್ದಿತು, ನೆಲ ನಡುಗಿತು. ಆಗ ಬಲಗಡೆಯಿಂದ ಹಳಿಯ ನಟ್ಟನಡುವೆ ಒಬ್ಬ ಓಡಿಬಂದ. ಅಂಗಿ ಬಿಚ್ಚಿ ಕೈಯಲ್ಲಿ ಬೀಸುತ್ತಿದ್ದ, ಬಾಯಿ ದೊಡ್ಡದಾಗಿ ತೆರೆದಿತ್ತು. ಅಳಿಯ!

"ಲೈನ್! ಲೈನ್!" ಅಂತ ಇಡೀ ಸಾಲು ಕಿರುಚಿತು. "ಲೋ ಹಾಳಾದವನೇ, ಆಚೆ ಹೋಗೋ!" ಮಣ್ಣಿನ ಹೆಂಟೆ ಹಾರಿತು, ಆಮೇಲೆ ಕಲ್ಲು. ಔಷಧಿ ಅಂಗಡಿಯವನ ಕಲ್ಲು ಹಣೆಗೆ ಬಿದ್ದು ರಕ್ತ ಚಿಮ್ಮಿತು. ಅಳಿಯ ನಿಲ್ಲಲಿಲ್ಲ. ಏನೋ ಕೂಗುತ್ತಲೇ ಇದ್ದ. ಈ ಗದ್ದಲದಲ್ಲಿ, ಆ ಸಿಳ್ಳೆಯಲ್ಲಿ, ಯಾರಿಗೆ ಕೇಳಬೇಕು?

ಹೋದ ವರ್ಷದ ಸೇಡು ಅಂದುಕೊಂಡ ಗೆರೆರಾಯ. ಹಲ್ಲಿಗೆ ಬದಲು ಕೊನೆಯ ಫೋಟೋ ಕೆಡಿಸಲು ಬಂದಿದ್ದಾನೆ ಕಳ್ಳ! ಮಗಳಿಗೆ ಕೊಟ್ಟ ಮಾತು ನೆನಪಿಗೆ ಬರಲಿಲ್ಲ ಅಂತಲ್ಲ, ಬಂತು. ಬಂದದ್ದನ್ನು ನೂಕಿ ಓಡಿದ. ಅಳಿಯನ ಕುತ್ತಿಗೆಗೆ ಕೈ ಹಾಕಿ ಹಳಿಯಿಂದ ಎಳೆದ. ಅವನು ಕೊಸರಿಕೊಂಡು ಮತ್ತೆ ಹಳಿಯ ಕಡೆಗೆ ಜಿಗಿದ, ಮಾವನ ಕೈ ಕಚ್ಚಿದ. ಆಗ ಗೆರೆರಾಯ ಮುಷ್ಟಿ ಕಟ್ಟಿ ದವಡೆಗೆ ಇಟ್ಟ. ಎಲುಬು ಲಟಕ್ಕೆಂದಿತು. ಬಿದ್ದವನ ಹೊಟ್ಟೆಗೆ ಒದ್ದ, ಎದ್ದವನನ್ನು ಮತ್ತೆ ಕೆಡವಿದ, ಮೊಣಕಾಲನ್ನು ಬೆನ್ನಿನ ಮೇಲೆ ಊರಿ ಮುಖವನ್ನು ಜಲ್ಲಿಗೆ ಒತ್ತಿ ಹಿಡಿದ. ಮುರಿದ ಬಾಯಿಂದ ಗೊರಗೊರ ಸದ್ದು ಬಿಟ್ಟರೆ ಇನ್ನೇನೂ ಬರಲಿಲ್ಲ. ಸಾಲಿನವರು "ಶಭಾಷ್!" ಅಂದರು. ಹಳಿ ಚೊಕ್ಕವಾಗಿತ್ತು.

ಎಂಜಿನ್ನು ತಿರುವಿನಿಂದ ಹೊರಬಂತು. ಡ್ರೈವರಿಗೆ ಎದುರು ಯಾರೂ ಕಾಣಲಿಲ್ಲ. ಫೋಟೋದವರಿಗೋಸ್ಕರ ಇನ್ನಷ್ಟು ಉಗಿ ಬಿಟ್ಟ. ಕ್ಯಾಮೆರಾಗಳು ಪಟಪಟ ಅಂದವು. ಗೆರೆರಾಯ ಅಳಿಯನ ಬೆನ್ನ ಮೇಲೆ ಕೂತೇ, ಕೊರಳಲ್ಲಿದ್ದ ಕ್ಯಾಮೆರಾ ಎತ್ತಿ ಎರಡನೆಯ ಫೋಟೋಗೆ ಬಲಕ್ಕೆ ತಿರುಗಿದ. ಪೊದೆ ಅರ್ಧ ಮಾತ್ರ ಕಡಿದಾಗಿತ್ತು. ಬ್ರೇಕು ಕಿರುಚಿತು. ಆಮೇಲೆ ಒಂದು ಹೆಣ್ಣುದನಿ, ಅದು ಅವನ ಮನೆಯಲ್ಲೇ ಹುಟ್ಟಿ ಬೆಳೆದ ದನಿ.

ಸೇತುವೆಯ ಮೇಲೆ ಹಳಿಯ ಒಳಮೈಗೆ ಇನ್ನೊಂದು ಕಾವಲು ಹಳಿ ಇರುತ್ತದೆ. ಪೊದೆಯ ಆ ಮಗ್ಗುಲು ಸವರಲು ಹೋದ ಅವಳ ಬೂಟು ಎರಡರ ಸಂದಿಗೆ ಇಳಿದು ಕಚ್ಚಿಕೊಂಡಿತ್ತು. ಗಂಡ ಎಳೆದ, ಬರಲಿಲ್ಲ. ಸಿಳ್ಳೆ ಕೂಗಿದ ಮೇಲೆ ಬಂಡಿ ನಿಲ್ಲಿಸಲು ಓಡಿದ್ದ. ಅವಳು ಕುಡುಗೋಲಿನಿಂದ ಬೂಟಿನ ದಾರ ಕೊಯ್ದು, ಮೈಯನ್ನೆಲ್ಲ ಹಳಿಯಾಚೆಗೆ ಎಸೆದುಕೊಂಡಿದ್ದಳು. ಪಾದ ಮಾತ್ರ ಒಳಗೇ ಉಳಿಯಿತು.

ಗೆರೆರಾಯ ಬೆಲ್ಟು ಬಿಚ್ಚಿ ಅವಳ ಕಾಲಿಗೆ ಬಿಗಿದ. ಕೈ ತೊಳೆಯುವುದಕ್ಕೂ ತೋಚದೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ. ಔಷಧಿ ಅಂಗಡಿಯವನು ಕಿವಿಯಲ್ಲಿ ಹೇಳಿದ: "ನಾವ್ಯಾರೂ ಬಾಯಿ ಬಿಡಲ್ಲ. ನಿಮ್ಮಳಿಯ ಓಡಿಬರ್ತಾ ಎಡವಿ ಬಿದ್ದ ಅಂದ್ಬಿಡಿ."

ಮರುದಿನ ಮಗಳಿಗೆ ಪೂರ್ತಿ ಎಚ್ಚರವಾಯಿತು. ಬಿಳಿ ಹೊದಿಕೆಯ ಕೆಳಗೆ ಒಂದು ಕಾಲು ಉದ್ದಕ್ಕಿತ್ತು, ಇನ್ನೊಂದು ಅರ್ಧಕ್ಕೇ ನಿಂತಿತ್ತು. ಅವಳು ಅಪ್ಪನ ಕೈ ಹಿಡಿದುಕೊಂಡಳು.

"ಅವನು ಓಡಿಹೋದ ಅಪ್ಪ. 'ನಿಲ್ಲಿಸಿ ಬರ್ತೀನಿ' ಅಂದ, ಓಡಿಹೋದ. ಬಂಡಿ ಬಂತು, ಅವನು ಬರಲಿಲ್ಲ. ನೀನು ಮೊದಲೇ ಹೇಳಿದ್ದೆ, ಗಂಡಸಲ್ಲ ಅವನು ಅಂತ. ನಾನೇ ಕೇಳಲಿಲ್ಲ. ನನ್ನನ್ನ ನಿನ್ನ ಮನೆಗೆ ಕರ್ಕೊಂಡು ಹೋಗು."

ಅಯ್ಯೋ ದೇವರೇ! ವರ್ಷದಿಂದ ಗೋಡೆಗೆ ಹೊಡೆದುಕೊಂಡು ಬೇಡಿದ್ದು ಇದೇ ಅಲ್ಲವೇ? ಮಗಳು ಮನೆಗೆ ಬರುತ್ತೇನೆ ಅನ್ನುತ್ತಿದ್ದಾಳೆ. ಒಂದು ಹೂಂ ಅಂದರೆ ಸಾಕು. ಅಳಿಯನ ದವಡೆಗೆ ತಂತಿ ಬಿಗಿದಿದ್ದಾರೆ, ಅವನು ಸದ್ಯಕ್ಕೆ ಮಾತಾಡುವವನಲ್ಲ. ಗೆರೆರಾಯನ ನಾಲಿಗೆಯ ಮೇಲೆ ಆ ಹೂಂ ಬಂದು ಕೂತಿತು. ಮಗಳ ಕೈ ಬಿಸಿಯಾಗಿತ್ತು. ಅವಳು ಕಣ್ಣು ಮುಚ್ಚಿ ಅಳುತ್ತಿದ್ದಳು, ಕಾಲಿಗಾಗಿ ಅಲ್ಲ, ಗಂಡನಿಗಾಗಿ.

"ಓಡಿಹೋಗಲಿಲ್ಲ ಕಣಮ್ಮಾ," ಅಂದ. "ಬಂಡಿ ನಿಲ್ಲಿಸೋಕೇ ಬಂದ. ಕಲ್ಲಲ್ಲಿ ಹೊಡೆದ್ರೂ ನಿಲ್ಲಲಿಲ್ಲ. ನಾನು ದವಡೆ ಮುರಿದು, ಮೇಲೆ ಕೂತೆ. ಆಗಲೂ ಏಳೋಕೆ ಒದ್ದಾಡ್ತಿದ್ದ."

ಮಗಳು ಕೈ ಬಿಡಿಸಿಕೊಂಡಳು. ಪಕ್ಕದ ಮೇಜಿನ ಮೇಲಿದ್ದ ನೀರಿನ ಸ್ಟೀಲು ಜಗ್ಗು ಎತ್ತಿ ಇದ್ದಬದ್ದ ಬಲದಿಂದ ಅವನ ಮುಖಕ್ಕೆ ಅಪ್ಪಳಿಸಿದಳು. ಹುಬ್ಬು ಸೀಳಿತು. ಇನ್ನೊಮ್ಮೆ ಹೊಡೆದಳು. ಮೂರನೆಯದಕ್ಕೆ ನರ್ಸು ಓಡಿಬಂದು ಕೈ ಹಿಡಿದಳು.

"ಇವನನ್ನ ಆಚೆ ಕಳಿಸಿ," ಅಂತ ಚೀರಿದಳು ಮಗಳು. "ನನ್ನ ಗಂಡ ಎಲ್ಲಿ? ಅವರನ್ನ ಕರೀರಿ!"

ಗೆರೆರಾಯ ಹೊರಗೆ ಬಂದ. ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಅಳಿಯ ಕೂತಿದ್ದ, ತಲೆಯಿಂದ ಗಲ್ಲದವರೆಗೆ ಬ್ಯಾಂಡೇಜು. ಒಳಗೆ ಮಾವ ಇದ್ದಾನೆ, ಹೆಂಡತಿ ತನ್ನನ್ನು ಕರೆಯುತ್ತಾಳೋ ಇಲ್ಲವೋ ಅಂತ ಹೆದರಿ ಅಲ್ಲೇ ಉಳಿದಿದ್ದ.

"ಹೋಗಪ್ಪಾ, ಕರೀತಿದಾಳೆ," ಅನ್ನಲು ಗೆರೆರಾಯ ಹತ್ತಿರ ಹೋಗಿ, ಭುಜ ಮುಟ್ಟಲು ಕೈ ಚಾಚಿದ.

ಅಳಿಯ ಎರಡೂ ತೋಳು ಎತ್ತಿ ಮುಖ ಮುಚ್ಚಿಕೊಂಡ.