ಅತ್ತೆ ಹಾರಿಸಿದ ಕಂತು

ಐದನೇ ತಿಂಗಳಲ್ಲಿ ಗರ್ಭಪಾತವಾದ ಮೇಲೆ, ತಾಯಿಯಿಲ್ಲದ ಸಂಧ್ಯಾಳನ್ನು ಗಂಡ ಸುದೀಪ್ ಶಿವಮೊಗ್ಗದ ಬಾಡಿಗೆ ಮನೆಯಿಂದ ಭದ್ರಾವತಿ ನ್ಯೂಟೌನಿನ ತನ್ನ ತಾಯಿಯ ಮನೆಗೆ ತಂದು ಬಿಟ್ಟ. ಅತ್ತೆ ಸುಭದ್ರಮ್ಮ ಆದ ಸಂಗತಿಯ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ನೀರು ಕಾಯಿಸಿಕೊಟ್ಟರು, ಮೆಂತ್ಯದ ಗಂಜಿ ಮಾಡಿದರು, ಮಧ್ಯಾಹ್ನ ಟಿ.ವಿ. ಹಾಕಿದರು.

ಟಿ.ವಿ.ಯಲ್ಲಿ, ಇಂಟರ್ನೆಟ್ಟಿನಿಂದ ಬೇಕಾದ ಕಂತು ಹಾಕಿಕೊಳ್ಳಬಹುದಾದ, ಮುಗಿಯದಷ್ಟು ಉದ್ದದ ಒಂದು ಚೀನಾ ಧಾರಾವಾಹಿ. ಹಳೇ ಕಾಲದ ಅರಮನೆ, ರಾಜನಿಗೆ ಲೆಕ್ಕವಿಲ್ಲದಷ್ಟು ರಾಣಿಯರು, ಮಾತೆಲ್ಲ ತಮಿಳಿನಲ್ಲಿ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ತಮಿಳರ ನಡುವೆ ಬೆಳೆದ ಸುಭದ್ರಮ್ಮನಿಗೆ ಅದು ನೀರು ಕುಡಿದಷ್ಟು ಸುಲಭ. ಸಂಧ್ಯಾಳಿಗೆ ಒಂದಕ್ಷರ ತಿಳಿಯದು. ಅತ್ತೆ ಕನ್ನಡದಲ್ಲಿ ಹೇಳುತ್ತಾ ಹೋದರು.

“ಇವನು ಕೊಕ್ಕರೆ ಮಂತ್ರಿ. ನಿಂತಲ್ಲೇ ನಿಂತಿರ್ತಾನೆ, ಮೀನು ಬಂದ್ರೆ ಬಿಡಲ್ಲ. ಆ ಹುಡುಗಿ ಚಿಕ್ಕ ರಾಣಿ, ಪಾಪದೋಳು.”

“ರಾಜ ಒಳ್ಳೇವ್ನಾ ಅತ್ತೆ?”

“ಎಲ್ಲಿ ಒಳ್ಳೇವ್ನು ಮಾರಾಯ್ತಿ. ತಿಂತಾನೆ, ಮಲಗ್ತಾನೆ, ಎದ್ದು ಯಾರ್ಗಾದ್ರೂ ಬೈತಾನೆ.”

ಎಷ್ಟೋ ದಿನಗಳ ಮೇಲೆ ಸಂಧ್ಯಾ ನಕ್ಕಳು. ಅಂದಿನಿಂದ ಊಟವಾದೊಡನೆ ಅವಳೇ ರಿಮೋಟ್ ಹುಡುಕತೊಡಗಿದಳು.

ಚಿಕ್ಕ ರಾಣಿ ಬಸುರಿಯಾದಳು. ಆ ಕಂತು ಮುಗಿಯುವಾಗ ಅತ್ತೆಯ ಕನ್ನಡ ತಡವರಿಸಿತು. ಮರುದಿನ ನೋಡಿದರೆ ಚಿಕ್ಕ ರಾಣಿ ಬಿಳಿ ಬಟ್ಟೆಯುಟ್ಟು ಯಾವುದೋ ಬೆಟ್ಟದ ಗುಡಿಯಲ್ಲಿದ್ದಳು. ಬಸುರಿಯಂತೆ ಕಾಣಲಿಲ್ಲ, ಮಡಿಲಲ್ಲಿ ಮಗುವೂ ಇರಲಿಲ್ಲ.

“ಮಧ್ಯ ಏನೋ ಬಿಟ್ಟುಹೋಯ್ತಲ್ಲ ಅತ್ತೆ?”

“ಏನಿಲ್ಲ. ಬರೀ ಯುದ್ಧ, ಕುದುರೆ. ಬೋರು.”

ಸಂಜೆ ಸುಭದ್ರಮ್ಮ ತರಕಾರಿಗೆ ಹೋದಾಗ ಸಂಧ್ಯಾ ಬಿಟ್ಟ ಕಂತನ್ನು ಹುಡುಕಿದಳು. ಎಲ್ಲಿಯವರೆಗೆ ನೋಡಿದ್ದಾರೆಂದು ತೋರಿಸುವ, ಅದರ ಚಿತ್ರದ ಕೆಳಗಿನ ಕೆಂಪು ಗೆರೆ ಅರ್ಧಕ್ಕೆ ನಿಂತಿತ್ತು. ತಾನು ಮಲಗಿದ್ದಾಗ ಅತ್ತೆ ಒಬ್ಬರೇ ಕೂತು ನೋಡಿದ್ದಾರೆ, ಪೂರ್ತಿ ನೋಡಲಾಗದೆ ಎದ್ದಿದ್ದಾರೆ. ಅವಳು ಮೊದಲಿನಿಂದ ಹಾಕಿದಳು. ಈ ಸಲ ಭಾಷೆ ತಿಳಿಯಬೇಕಾಗಿರಲಿಲ್ಲ.

ಚೀಲ ಹಿಡಿದು ಬಂದ ಸುಭದ್ರಮ್ಮನಿಗೆ ಸೊಸೆಯ ಮುಖ ಕಂಡೊಡನೆ ಗೊತ್ತಾಯಿತು.

“ನೋಡಿಬಿಟ್ಯಾ?”

“ನೋಡ್ದೆ.”

ಅವರು ಚೀಲ ಇಳಿಸಿ ಪಕ್ಕದಲ್ಲಿ ಕೂತರು. ಕೇಳಿದರು: “ಮಗು ಬಟ್ಟೆ ಎಲ್ಲಾ ಮುಂದಿಟ್ಕೊಂಡು ಕೂತಿದ್ಲಲ್ಲ, ನಂಗೆ ಅಲ್ಲಿಂದ ಮುಂದೆ ಆಗ್ಲಿಲ್ಲ ಕಣೆ. ಏನ್ಮಾಡಿದ್ಲು?”

“ಒಂದೊಂದೇ ಮಡಚಿದ್ಲು ಅತ್ತೆ. ದಾಸಿ ಬಂದು ಕೇಳಿದ್ಲು, ಕೊಡ್ಲಿಲ್ಲ. ಆಮೇಲೆ...” ಸಂಧ್ಯಾ ರಿಮೋಟನ್ನು ಕೆಳಗಿಟ್ಟಳು. “ನಾನೂ ಒಂದು ಟೋಪಿ ತಂದಿದ್ದೆ. ಗಾಂಧಿ ಬಜಾರಲ್ಲಿ. ಹಳದೀದು. ಇವ್ರಿಗೂ ಹೇಳಿಲ್ಲ.”

ಸುಭದ್ರಮ್ಮ ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡರು. ಆಸ್ಪತ್ರೆಯಲ್ಲಿ ಎಲ್ಲರೂ ಅಳಬೇಡ ಎಂದಿದ್ದರು, ಇವರು ಹಾಗೆನ್ನಲಿಲ್ಲ. ಸಂಧ್ಯಾ ಮನಸಾರೆ ಅತ್ತಳು.

“ಸುದೀಪಂಗೂ ಹೇಳು,” ಎಂದರು ಆಮೇಲೆ. “ಅವನೂ ಅಪ್ಪ ಆಗೋನೇ ಇದ್ನಲ್ಲ.”

ಭಾನುವಾರ ಸುದೀಪ್ ಬಂದಾಗ ಅವಳು ಟೋಪಿಯ ವಿಷಯ ಹೇಳಿದಳು. ಅವನು ಅವಳ ಪಕ್ಕ ಬಂದು ಕೂತ. ಮೆಲ್ಲಗೆ, “ಎಷ್ಟು ದೊಡ್ಡದು?” ಎಂದ.

ಸಂಧ್ಯಾ ಅಂಗೈಯನ್ನು ಬಟ್ಟಲು ಮಾಡಿ ತೋರಿಸಿದಳು.